ಹಣ ಅವರದು, ತೀರ್ಮಾನವೂ ಅವರದೇ

ಆಸ್ಟ್ರೇಲಿಯದಲ್ಲಿ 2013ರಲ್ಲಿ ಶುರುವಾದ ಎನ್‌ಡಿಐಎಸ್ (ರಾಷ್ಟ್ರೀಯ ಅಂಗವಿಕಲತೆ ವಿಮಾ ಯೋಜನೆ) ಎಂಬ ಸರ್ಕಾರಿ ಯೋಜನೆಯಲ್ಲಿ ಅಂಗವಿಕಲರು ತಮ್ಮ ಆರೈಕೆಗೆ ಸಿಗುವ ಹಣವನ್ನು ತಾವೇ ನಿಭಾಯಿಸಬಹುದು. ಸ್ನಾನ ಮಾಡಿಸಲು, ಬಟ್ಟೆ ತೊಡಿಸಲು ಯಾರು ಬರಬೇಕು, ಬೆಳಿಗ್ಗೆ ಆರಕ್ಕೋ ಎಂಟಕ್ಕೋ ಎಂಬುದು ಅವರ ಇಷ್ಟ. ಇದು ದೊಡ್ಡ ಸ್ವಾತಂತ್ರ್ಯ.

ಅಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲೂ ಮಗಳಿಗೋ ತಮ್ಮನಿಗೋ ಈ ಲೆಕ್ಕ ನೋಡಿಕೊಡುವವರು ಇದ್ದೀರಿ. ಮೊದಲು, ಈ ಹಣಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಮನೆಖರ್ಚಿನ ಜೊತೆ ಬೆರೆತರೆ ಬಿಡಿಸುವುದು ಕಷ್ಟ. ಬಿಲ್ಲು ಬಂದ ದಿನವೇ ಫೋನಿನಲ್ಲಿ ಫೋಟೊ ತೆಗೆದಿಡಿ. ದಾಖಲೆಗಳನ್ನು 5 ವರ್ಷ ಕಾಪಾಡಬೇಕು. ಶನಿವಾರ, ಭಾನುವಾರದ ದರ ವಾರದ ದಿನಗಳಿಗಿಂತ ಹೆಚ್ಚು. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಹಣ ಮಂಜೂರಾದ ಅವಧಿ ಮುಗಿಯುವ ಮೊದಲೇ ಹಣ ಖಾಲಿ. ಸಹಾಯಕರನ್ನು ನೇರವಾಗಿ ಕೆಲಸಕ್ಕೆ ಇಟ್ಟುಕೊಂಡರೆ ಸಂಬಳದ ಜೊತೆ ತೆರಿಗೆ, ವಿಮೆ, ನಿವೃತ್ತಿ ನಿಧಿಯ ಹೊಣೆಯೂ ಬರುತ್ತದೆ.

ಲೆಕ್ಕ ಬರೆಯುವುದು ಸಹಾಯ. ಮಗಳ ಅಥವಾ ತಮ್ಮನ ಪರವಾಗಿ ನೀವೇ ಆರಿಸಿಬಿಡುವುದು ಸಹಾಯವಲ್ಲ. ಹೊಸ ಸಹಾಯಕಿಯ ಜೊತೆ ಮಾತಾಡುವಾಗ ಪ್ರಶ್ನೆಗಳನ್ನು ಅವರೇ ಕೇಳಲಿ. ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಎಂದು ಅವರಿಗೆ ತೋರಿಸಿ.