ಪೈರಿನೊಳಗೆ ಸತುವಿನ ಸಂಚಾರ

ನಾಟಿಯಾದ ಕೆಲವೇ ವಾರಗಳಲ್ಲಿ ಭತ್ತದ ಎಲೆಗಳ ಮೇಲೆ ತುಕ್ಕುಬಣ್ಣದ ಮಚ್ಚೆಗಳೆದ್ದು ಪೈರು ಗಿಡ್ಡಾದರೆ, ಅದನ್ನು ರೋಗಾಣುವಿನ ಕಾಟವೆಂದೇ ನಾವು ಎಣಿಸಬಾರದು. ಸತುವಿನ ಕೊರತೆಯಿಂದಲೂ ಹೀಗಾಗುವುದೆಂದು ಪಂತನಗರದಲ್ಲಿ ಡಾ. ವೈ. ಎಲ್. ನೇನೆಯವರು 1966ರಲ್ಲಿ ತೋರಿಸಿಕೊಟ್ಟರು.

ಬೇರು ಹೀರಿದ ಸತುವಿಗೆ ಪೈರಿನೊಳಗೆ ಜೊತೆಗಾರರು ಬೇಕು. ನಿಕೋಟಿಯಾನಮೈನ್ ಎಂಬ ಅಣು ಅದನ್ನು ಹಿಡಿದುಕೊಂಡು ಎಳೆಯ ಎಲೆಗೂ ಕಾಳಿಗೂ ಮುಟ್ಟಿಸಲು ನೆರವಾಗುತ್ತದೆ. ಸತು ಅತಿಯಾದರೆ ವಿಷ. ಮಿಕ್ಕಿದ್ದನ್ನು ಪೈರು ಜೀವಕೋಶದೊಳಗಿನ ರಸಚೀಲದಲ್ಲಿ ಕೂಡಿಡುತ್ತದೆ.

ಸುಣ್ಣದಂಶ ಹೆಚ್ಚಿದ ಕ್ಷಾರ ಮಣ್ಣಿನಲ್ಲಿ ಸತುವಿದ್ದರೂ ಬೇರಿಗೆ ದಕ್ಕುವುದು ಕಡಿಮೆ. ಆದ್ದರಿಂದ ಮೊದಲು ಮಣ್ಣಿನ ಪರೀಕ್ಷೆ ಮಾಡಿಸೋಣ. ಕೊರತೆ ಕಂಡುಬಂದರೆ ನಾಟಿಗೆ ಮುಂಚೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟು ಹಾಕೋಣ. ಅದನ್ನು ರಂಜಕದ ಗೊಬ್ಬರದೊಡನೆ ಮಾತ್ರ ಬೆರೆಸಬಾರದು.