ಕೂಸಿಗೂ ಮುಯ್ಯಾಳು ಕಟ್ಟಿ

ನೋಡವ್ವ, ಕೂಲಿಗೆ ಹೋಗಬೇಡ ಅಂತ ನಾನು ಯಾವತ್ತೂ ಹೇಳೋದಿಲ್ಲ. ನಮ್ಮ ಮಲ್ಲಿಪಟ್ಟಣದ ಕಡೆ ಶುಂಠಿ ಕೀಳೋಕೋ ಕಾಫಿ ತೋಟಕ್ಕೋ ಹೊತ್ತಾರೆ ಗಾಡಿ ಹತ್ತೋ ಹೆಣ್ಣಾಳುಗಳ ದುಡಿಮೆಯಲ್ಲೇ ಎಷ್ಟೋ ಮನೆ ನಡೀತಿವೆ. ಆದರೆ ಕೂಸು ನೋಡಿಕೊಳ್ಳಲಿ ಅಂತ ದೊಡ್ಡ ಮಗಳನ್ನು ಶಾಲೆ ಬಿಡಿಸಬೇಡ. ಇವತ್ತೊಂದು ದಿನ ಅಂತಲೇ ಶುರುವಾಗುತ್ತೆ. ಶುಂಠಿ ಮುಗಿಯೋ ಹೊತ್ತಿಗೆ ಆ ಹುಡುಗಿಗೆ ಪಾಠ ಹತ್ತೋದಿಲ್ಲ, ತಾನೇ ಶಾಲೆ ಬೇಡ ಅನ್ನುತ್ತೆ.

ಕೂಸನ್ನು ಹೊಗೆಸೊಪ್ಪಿನ ಹೊಲಕ್ಕೂ ಕರ್ಕೊಂಡು ಹೋಗಬೇಡ. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತೆ. ಸೊಪ್ಪು ಬಿಡಿಸಿದವರಿಗೆ ತಲೆ ಸುತ್ತಿ ವಾಂತಿಯಾಗೋದು ಅದಕ್ಕೇ. ಮನೆಗೆ ಬಂದು ಸೋಪು ಹಚ್ಚಿ ತೊಳ್ಕೊಂಡು, ಸೀರೆ ಬದಲಾಯಿಸಿದ ಮೇಲೇ ಎದೆಗೆ ಹಾಕ್ಕೋ.

ಮೂರು ತುಂಬಿದ ಮಗುವಿಗೆ ಅಂಗನವಾಡಿ ಇದೆ. ಕಷ್ಟ ಇರೋದು ಅದಕ್ಕೂ ಮುಂಚೆ. ನಾಟಿಗೆ, ರಾಗಿ ಕೊಯ್ಲಿಗೆ ಮುಯ್ಯಾಳು ಕಟ್ಟೋದು ನಿಮಗೆ ಗೊತ್ತೇ ಇದೆ. ಅದನ್ನೇ ಕೂಸುಗಳಿಗೂ ಮಾಡಿ. ಬೀದಿಯ ನಾಲ್ಕೈದು ತಾಯಂದಿರು ಸೇರಿ, ದಿನಕ್ಕೊಬ್ಬಳು ಮನೇಲಿ ಉಳಿದು ಎಲ್ಲ ಮಕ್ಕಳನ್ನೂ ನೋಡಲಿ. ಸರದಿ ತಪ್ಪಿಸಿದವಳು ದುಡ್ಡು ಕೊಡಲಿ. ಯಾವುದಾದರೂ ಅಜ್ಜಿಯೇ ನೋಡ್ಕೋತೀನಿ ಅಂದ್ರೆ, ಎಲ್ಲರೂ ಸೇರಿ ಅವಳಿಗೆ ಕೂಲಿ ಕೊಡಿ. ಮಗು ನೋಡೋದು ಬಿಟ್ಟಿ ಕೆಲಸ ಅಂತ ನಾವೇ ಅಂದ್ಕೊಂಡ್ರೆ ತೋಟದ ಧಣಿ ಅಂದ್ಕೊಳ್ಳದೆ ಇರ್ತಾನಾ? 2005ರ ನರೇಗಾ ಕಾಯ್ದೆಯಲ್ಲೇ ಬರೆದಿದ್ರು: ಕೆಲಸದ ಜಾಗದಲ್ಲಿ ಐದು ಪುಟ್ಟ ಮಕ್ಕಳಿದ್ರೆ ನೋಡ್ಕೊಳ್ಳೋಕೆ ಒಬ್ಬ ಹೆಂಗಸನ್ನು ಬಿಡಬೇಕು, ಅವಳಿಗೂ ಕೂಲಿ ಕೊಡಬೇಕು ಅಂತ. ದೊಡ್ಡ ತೋಟಗಳಲ್ಲಿ ಶಿಶುಪಾಲನಾ ಮನೆ ಇರಬೇಕು ಅನ್ನೋದಂತೂ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇದ್ದ ಮಾತು.

ಆರು ತಿಂಗಳವರೆಗೆ ಕೂಸಿಗೆ ಎದೆಹಾಲೊಂದೇ ಸಾಕು. ಕುದಿಸಿ ಆರಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಟ್ಟರೆ ತಂಪು ಜಾಗದಲ್ಲಿ ನಾಲ್ಕು ಗಂಟೆ ಕೆಡೋದಿಲ್ಲ. ಬಾಟಲಿ ಬೇಡ, ಒಳಲೆಯಲ್ಲಿ ಕುಡಿಸಲಿ. ಸಂಜೆ ನೀನು ಒಲೆ ಹಚ್ಚೋ ಹೊತ್ತಿಗೆ ಕೂಸನ್ನು ಎತ್ಕೊಳ್ಳೋದು ನಿನ್ನ ಗಂಡನ ಕೆಲಸ. ಅವನಿಗೂ ಇದನ್ನು ಹೇಳು, ನಾನು ಹೇಳಿದೆ ಅಂತಲೇ ಹೇಳು.

ಇನ್ನೊಂದು ಮಾತು. 2023ರ ಬಜೆಟ್ಟಿನಲ್ಲಿ ನಮ್ಮ ಸರ್ಕಾರ 4000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಮಾಡ್ತೀವಿ ಅಂತು. ನಮ್ಮ ಪಂಚಾಯಿತಿಯದು ಎಲ್ಲಿ, ಬಾಗಿಲು ಎಷ್ಟು ಹೊತ್ತಿಗೆ ತೆಗೀತಾರೆ ಅಂತ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳು. ಗಾಡಿ ಏಳಕ್ಕೇ ಬಂದು ಇದು ಹತ್ತಕ್ಕೆ ತೆಗೆದ್ರೆ ಏನು ಬಂತು? ಒಬ್ಬಳೇ ಹೋಗಬೇಡ. ಬೀದಿಯವರೆಲ್ಲ ಸಹಿ ಹಾಕಿದ ಅರ್ಜಿಯನ್ನು ಪಿಡಿಓ ಕೈಗೆ ಕೊಟ್ಟು, ಹಿಂಬರಹ ತಗೊಂಡೇ ಬನ್ನಿ.