ಎರಡನೇ ಬಾಟಲಿ ಹಾಕುವಾಗ ಎಚ್ಚರ



ಹುತ್ರಿದುರ್ಗದ ಸುತ್ತಮುತ್ತಲ ಹಳ್ಳಿಗಳಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಕುಣಿಗಲ್ ಆಸ್ಪತ್ರೆಗೆ, ಅಲ್ಲಿಂದಾಚೆ ತುಮಕೂರಿಗೆ ಕರೆದುಕೊಂಡು ಹೋಗುತ್ತೇವೆ. ರಾತ್ರಿಯೆಲ್ಲ ರೋಗಿಯ ಪಕ್ಕ ಕೂರುವವರು ಹೆಚ್ಚಾಗಿ ನಾವು ಹೆಂಗಸರೇ. ನಮ್ಮ ಹೆಣ್ಣುಮಕ್ಕಳಲ್ಲಿ ನರ್ಸಿಂಗ್ ಓದುವವರೂ ಇದ್ದಾರೆ. ಇಬ್ಬರಿಗೂ ಈ ಪಾಠ ಬೇಕು.

ಎರಡನೇ ಬಾಟಲಿ ಎಂದರೇನು?

ಮೊದಲು ಹಾಕಿದ ದೊಡ್ಡ ಬಾಟಲಿಯಿಂದ ಮೈಗೆ ನೀರು, ಉಪ್ಪು ಅಥವಾ ಸಕ್ಕರೆ ಅಂಶ ಸೇರುತ್ತದೆ. ಅದರ ಜೊತೆಗೇ, ಔಷಧಿ ಬೆರೆಸಿದ 100 ಮಿ.ಲೀ. ಚಿಕ್ಕ ಬಾಟಲಿಯನ್ನು ಅದೇ ಪೈಪಿಗೆ ಸೇರಿಸುತ್ತಾರೆ. ಇದರಿಂದ ಇನ್ನೊಂದು ಸಲ ಚುಚ್ಚುವುದು ತಪ್ಪುತ್ತದೆ. ಆದರೆ ಇಲ್ಲಿಯೇ ತಪ್ಪುಗಳೂ ಆಗುತ್ತವೆ.

ತಪ್ಪು ಎಲ್ಲೆಲ್ಲಿ ಆಗುತ್ತೆ?

1. ಎತ್ತರ: ಒಂದೇ ಪೈಪಿಗೆ ಎರಡು ನೀರಿನ ಟ್ಯಾಂಕ್ ಜೋಡಿಸಿದರೆ ಮೇಲಿರುವುದೇ ಮೊದಲು ಹರಿಯುತ್ತದೆ. ಹಾಗೆಯೇ ಚಿಕ್ಕ ಬಾಟಲಿ ಮೇಲಿರಬೇಕು, ದೊಡ್ಡದನ್ನು ಕೆಳಗಿಳಿಸಬೇಕು. ಎರಡೂ ಒಂದೇ ಎತ್ತರದಲ್ಲಿದ್ದರೆ ಔಷಧಿ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ.

2. ಚಕ್ರ: ಚಿಕ್ಕ ಪೈಪಿನ ಚಕ್ರ ತೆರೆಯಲು ಮರೆತರೆ ಔಷಧಿ ಬಾಟಲಿಯಲ್ಲೇ ಉಳಿಯುತ್ತದೆ. ಬಾಟಲಿ ನೇತಾಡುತ್ತಿದೆ ಅಂದಮಾತ್ರಕ್ಕೆ ಔಷಧಿ ಹೋಗುತ್ತಿದೆ ಅಂತಲ್ಲ.

3. ವೇಗ: 20 ಹನಿಗೆ 1 ಮಿ.ಲೀ. ಬೀಳುವ ಸೆಟ್‌ನಲ್ಲಿ 100 ಮಿ.ಲೀ. ಅರ್ಧ ಗಂಟೆಯಲ್ಲಿ ಹೋಗಬೇಕಾದರೆ ನಿಮಿಷಕ್ಕೆ ಸುಮಾರು 67 ಹನಿ ಬೀಳಬೇಕು. ಔಷಧಿ ಮುಗಿದ ಮೇಲೆ ದೊಡ್ಡ ಬಾಟಲಿಯೂ ಅದೇ ವೇಗದಲ್ಲಿ ಓಡಬಹುದು. ಮೊದಲಿನ ವೇಗಕ್ಕೆ ತರದಿದ್ದರೆ ಹೃದಯ, ಮೂತ್ರಪಿಂಡದ ಕಾಯಿಲೆಯವರಿಗೆ, ಚಿಕ್ಕ ಮಕ್ಕಳಿಗೆ ಅಪಾಯ.

4. ಬೆರಕೆ: ಎಲ್ಲ ಔಷಧಿ ಎಲ್ಲ ದ್ರವಕ್ಕೂ ಹೊಂದುವುದಿಲ್ಲ. ಸೆಫ್ಟ್ರಿಯಾಕ್ಸೋನ್ ಔಷಧಿಯನ್ನು ರಿಂಗರ್ ಲ್ಯಾಕ್ಟೇಟ್ ದ್ರವದ ಜೊತೆ ಬೆರೆಸಬಾರದು. ಆ ದ್ರವದಲ್ಲಿನ ಕ್ಯಾಲ್ಸಿಯಂ ಸೇರಿ ಹರಳು ಕಟ್ಟುತ್ತದೆ. ಹಸುಗೂಸುಗಳಿಗಂತೂ ಪ್ರಾಣಕ್ಕೇ ಅಪಾಯ.

ನರ್ಸಿಂಗ್ ಓದುವ ಮಕ್ಕಳಿಗೆ

ರೋಗಿ, ಔಷಧಿ, ಪ್ರಮಾಣ, ದಾರಿ, ಸಮಯ – ಈ ಐದೂ ಸರಿಯಿದೆಯೇ ನೋಡಿ. ಕೈ ತೊಳೆದು, ಪೈಪಿನ ಗಾಳಿ ತೆಗೆದು, ಸೇರಿಸುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ. ಬಾಟಲಿಗೆ ಚೀಟಿ ಅಂಟಿಸಿ. ಹನಿ ಬೀಳುವುದನ್ನು ಕಣ್ಣಾರೆ ಕಂಡು ಎಣಿಸಿದ ಮೇಲೆಯೇ ಮಂಚ ಬಿಟ್ಟು ಹೋಗಿ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ನೋಡಿ.

ರೋಗಿಯ ಜೊತೆ ಇರುವ ನಮಗೆ

• ರೋಗಿಯ ಪೂರ್ತಿ ಹೆಸರು ಹೇಳೋಣ. ಯಾವ ಔಷಧಿ ಆಗಿಬರೋದಿಲ್ಲ ಅನ್ನೋದನ್ನು ಮೊದಲೇ ತಿಳಿಸೋಣ.
• "ಸಿಸ್ಟರ್, ಇದು ಯಾವುದಕ್ಕೆ? ಎಷ್ಟು ಹೊತ್ತಿಗೆ ಮುಗಿಯುತ್ತೆ?" ಎಂದು ಮರ್ಯಾದೆಯಿಂದ ಕೇಳೋಣ. ಕೇಳುವುದು ತಪ್ಪಲ್ಲ.
• ಹನಿ ನಿಂತರೆ, ಕೈ ಊದಿದರೆ, ಉರಿ, ತುರಿಕೆ, ಚಳಿ ನಡುಕ, ಉಬ್ಬಸ ಬಂದರೆ ತಕ್ಷಣ ಕರೆಯೋಣ.
• ಬೇಗ ಮುಗಿಯಲಿ ಅಂತ ನಾವಾಗಿಯೇ ಚಕ್ರ ಮುಟ್ಟೋದು ಬೇಡವೇ ಬೇಡ.

ಔಷಧಿ ಕೊಡುವಾಗಿನ ತಪ್ಪುಗಳನ್ನು ತಗ್ಗಿಸಲು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಜಗತ್ತಿಗೆಲ್ಲ ಕರೆ ಕೊಟ್ಟಿತು. 2019ರಿಂದ ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತಿದೆ. ನರ್ಸ್‌ಗಳಿಗೆ ಕೆಲಸ ಬಹಳ, ಮಂಚಗಳೂ ಬಹಳ. ಅವರ ಮೇಲೆ ರೇಗುವುದರಿಂದ ರೋಗಿಗೆ ಒಳಿತಾಗದು. ಗಾಯಗೊಂಡವನ ಪಕ್ಕದಲ್ಲಿ ನಿಂತ ಒಳ್ಳೆಯ ಸಮಾರ್ಯದವನಂತೆ, ನಾವೂ ಎಚ್ಚರವಾಗಿದ್ದು ಅವರ ಕೈಗೆ ಕೈ ಜೋಡಿಸೋಣ.

ಸಂಘದ ಸಭೆಯಲ್ಲಿ ಚರ್ಚಿಸಿ

1. ಡಾಕ್ಟರು ಬೇಡವೆಂದರೂ ನಾವು ಬಾಟಲಿ ಹಾಕಿಸಿ ಎಂದು ಒತ್ತಾಯಿಸುತ್ತೇವೆಯೇ? ಏಕೆ?
2. ನಮ್ಮ ಮನೆಯವರಿಗೆ ಆಗಿಬರದ ಔಷಧಿಗಳ ಹೆಸರನ್ನು ಎಲ್ಲಿ ಬರೆದಿಟ್ಟಿದ್ದೇವೆ?